ಮೂರನೆಯ ಮರದ ಕರಟ

ಹೊಂಬಾಳೆಯ ತುದಿ ಸವರುತ್ತಿದ್ದ ಕತ್ತಿ ಜಾರಿ ಕಮೋರಿಕಿಯ ಹೆಬ್ಬೆರಳಿಗೆ ತಾಗಿತು. ರಕ್ತವನ್ನು ಚೀಪಿ ಉಗುಳಿ ಮತ್ತೆ ಸವರಿದ. ಕಾಗದದಷ್ಟು ತೆಳ್ಳನೆಯ ಹೋಳು. ಬೆಳಿಗ್ಗೆ ಒಂದು, ಸಂಜೆ ಒಂದು. ಜಾಸ್ತಿ ಕೊಯ್ದರೆ ಹೊಂಬಾಳೆ ಬೇಗ ಮುಗಿಯುತ್ತದೆ, ಹೊತ್ತು ತಪ್ಪಿಸಿದರೆ ನೀರಾ ನಿಲ್ಲುತ್ತದೆ. ಹನಿ ತೊಟ್ಟಿಕ್ಕತೊಡಗಿದ ಮೇಲೆ ಕರಟ ಕಟ್ಟಿ ತೆಂಗಿನ ಮರ ಇಳಿದ.

"ಏನು ಮಾವ, ಇವತ್ತೂ ಹಾಡಿಲ್ಲ?" ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯವಳು ಕೇಳಿದಳು. "ಮೇಲೆ ಕೂತು ನನ್ನ ಕದ್ದು ನೋಡ್ತಿದ್ಯಾ?"

"ನಿನ್ನ ನೋಡೋಕೆ ಮರ ಬೇರೆ ಹತ್ತಬೇಕಾ? ದ್ವೀಪದ ಆ ತುದಿಯಿಂದಲೇ ಕಾಣ್ತೀಯ."

ಅವಳು ಬಟ್ಟೆ ಬಿಟ್ಟು ನಕ್ಕಳು. ಅವನು ನಗಲಿಲ್ಲ. ಅಬೆಮಾಮ ದ್ವೀಪದಲ್ಲಿ ಮರ ಹತ್ತಿದ ಗಂಡಸು, ತಾನು ಮೇಲಿರುವುದು ಕೆಳಗಿದ್ದವರಿಗೆ ಗೊತ್ತಾಗುವ ಹಾಗೆ, ಗಟ್ಟಿಯಾಗಿ ಹಾಡಬೇಕು. ಕಮೋರಿಕಿ ಹಾಡುತ್ತಿದ್ದುದು ಕ್ರೈಸ್ತ ಸಭೆಯ ಕೀರ್ತನೆಗಳನ್ನೇ. ಮೊನ್ನೆಯಿಂದ ಅವನ್ನು ಹಾಡುವುದು ಬಿಟ್ಟಿದ್ದ.

ಅದಕ್ಕೂ ಮೊದಲು ಎರಡು ದಿನ ಹೆಂಡತಿ ಮಿಕಾರಾಳಿಗೆ ಉಸಿರು ಸಿಕ್ಕಿರಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಮರಗಳ ನೆನಪೇ ಇರಲಿಲ್ಲ. ಮೊನ್ನೆ ಹತ್ತಿದಾಗ ಮೊದಲೆರಡು ಕರಟಗಳಲ್ಲಿ ಎರಡು ದಿನ ನಿಂತು ಹುಳಿತು ಹೆಂಡವಾಗಿದ್ದ ನೀರಾವನ್ನು ಬುಡಕ್ಕೆ ಸುರಿದ. ಮೂರನೆಯದನ್ನು ಸುರಿಯಲಿಲ್ಲ. ಗರಿಗಳ ನಡುವೆ ಕೂತು, ನೊರೆಸಮೇತ, ತಳ ಕಾಣುವವರೆಗೂ ಕುಡಿದ. ನೋಡಿದ್ದು ಒಂದು ಕಡಲಹಕ್ಕಿ ಮಾತ್ರ.

ಕುಡಿದು ಸಭೆಯ ಪಟ್ಟಿಯಿಂದ ಹೆಸರು ಕಳೆದುಕೊಂಡವನು ಒಂದು ವರ್ಷ ಹೆಂಡ ಮುಟ್ಟದೆ ಇದ್ದು ತೋರಿಸಿದರೆ ಮತ್ತೆ ರೊಟ್ಟಿ, ದ್ರಾಕ್ಷಿರಸ ಹಂಚುವ ಪ್ರಭುಭೋಜನಕ್ಕೆ ಸೇರಬಹುದು. ಕಮೋರಿಕಿಯ ಹೆಸರು ಹೋಗಿ ಒಂಬತ್ತು ವರ್ಷವಾಗಿತ್ತು. ಮೊದಲ ಸಲ ತಡೆದದ್ದು ಹನ್ನೊಂದು ದಿನ. ಆಮೇಲೊಮ್ಮೆ ಎರಡು ತಿಂಗಳು. ಇನ್ನೊಮ್ಮೆ ಏಳು. ಪ್ರತಿ ಸಲವೂ ಯಾರೋ ವಾಸನೆ ಹಿಡಿದಿದ್ದರು, ಪ್ರತಿ ಸಲವೂ ಅವನು ಕುಡಿದೇ ಇಲ್ಲವೆಂದು ಮಕ್ಕಳ ಮೇಲೆ ಆಣೆಯಿಟ್ಟಿದ್ದ. ಈ ಸಲ ವರ್ಷ ತುಂಬಲು ಊರಿನವರ ಲೆಕ್ಕದಲ್ಲಿ ಇನ್ನು ಹತ್ತೇ ದಿನ.

ಮನೆಗೆ ಬಂದರೆ ಪಾದ್ರಿ ತಿರೋಆ ಮಿಕಾರಾಳ ಚಾಪೆಯ ಪಕ್ಕದಲ್ಲಿ ಕೂತಿದ್ದರು. ಬಿಳಿ ಬಟ್ಟೆಯ ಮೇಲೆ ರೊಟ್ಟಿಯ ಎರಡು ತುಣುಕು, ಒಂದು ಬಟ್ಟಲು. ಹಡಗು ಬರದೆ ದ್ರಾಕ್ಷಿರಸ ಮುಗಿದಿದ್ದರಿಂದ ಅದರಲ್ಲಿ ಎಳನೀರಿತ್ತು.

"ಬಾ ಅಣ್ಣ. ಇವತ್ತು ನಿಂಗೂ ಕೊಡ್ತೀನಿ."

"ನಂಗಿನ್ನೂ ಹತ್ತು ದಿನ ಇದೆಯಲ್ಲ ಅಯ್ಯನೋರೇ."

"ಅಕ್ಕನಿಗೆ ಹತ್ತು ದಿನ ಇಲ್ಲ." ಪಾದ್ರಿ ದನಿ ತಗ್ಗಿಸಿದರು. "ಹಿರಿಯರೆಲ್ಲ ಒಪ್ಪಿದ್ದಾರೆ."

"ಗುಸುಗುಸು ಯಾಕೆ? ನಾನು ಸಾಯ್ತಿರೋಳು, ಕಿವುಡಿ ಅಲ್ಲ," ಎಂದಳು ಮಿಕಾರಾ. ಅವನ ಬಿಳಿ ಅಂಗಿಯನ್ನು ಯಾರಿಂದಲೋ ಇಸ್ತ್ರಿ ಮಾಡಿಸಿ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. "ಒಂಬತ್ತು ವರ್ಷ ಒಬ್ಬಳೇ ಹೋಗಿ ಮುಂದಿನ ಸಾಲಲ್ಲಿ ಕೂತಿದ್ದೀನಿ. ಒಂದು ಸಲ ನನ್ನ ಪಕ್ಕ ಕೂತ್ಕೊ ಮುದುಕಾ. ಅಂಗಿ ಹಾಕ್ಕೊ."

ಹಾಕಿಕೊಂಡ. ಗುಂಡಿಗಳ ಮೇಲೆ ಹೆಬ್ಬೆರಳಿನ ರಕ್ತ ಅಂಟಿತು. ಪಾದ್ರಿ ಪ್ರಾರ್ಥಿಸಿ ಮೊದಲು ಮಿಕಾರಾಳಿಗೆ ಕೊಟ್ಟರು. ಎಳನೀರು ಅವಳ ಗಲ್ಲದ ಮೇಲೆ ಹರಿಯಿತು. ಅವನು ಅಂಗೈಯಿಂದ ಒರೆಸಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ಕಸುವು ಅವಳಲ್ಲಿ ಉಳಿದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಬಟ್ಟಲು ಅವನ ತುಟಿಯ ಹತ್ತಿರ ಬಂತು. ಬಾಯಿ ತೆರೆದಿದ್ದರೆ ಸಾಕಿತ್ತು.

"ಬೇಡ."

"ಅಣ್ಣ, ಅಕ್ಕನ ಮುಖ ನೋಡಿಯಾದ್ರೂ..."

ಮಿಕಾರಾಳ ಕೈ ಅವನ ಮಣಿಕಟ್ಟಿನಿಂದ ಮೆಲ್ಲಗೆ ಜಾರಿ ಚಾಪೆಯ ಮೇಲೆ ಬಿತ್ತು. ಅವಳ ಕಣ್ಣು ಮಾತ್ರ ಅವನ ಮೇಲೇ ಇತ್ತು.

"ಬೇಡ ಅಯ್ಯನೋರೇ. ಮೊನ್ನೆ ಕುಡಿದಿದ್ದೀನಿ. ಇವತ್ತಿಗೆ ಎರಡು ದಿನ ಆಯ್ತು, ಅಷ್ಟೇ."