ಮೆಟ್ಟಿಲ ಕೆಳಗಿನ ಕೋಣೆ

ಆ ತಿಂಗಳ ಒಂಬತ್ತನೆಯ ರಾಜೀನಾಮೆ ಪತ್ರ ಮೇಜಿಗೆ ಬಂದಾಗ ಮ್ಯಾನೇಜರರ ಅನುಮಾನ ಗಟ್ಟಿಯಾಯಿತು. ಬೀಗ ಮಾಡುವ ಕಾರ್ಖಾನೆಯಿಂದಲೇ ಜನ ಹೀಗೆ ತಪ್ಪಿಸಿಕೊಂಡು ಹೋದರೆ ಊರವರು ನಗದೆ ಬಿಟ್ಟಾರೆಯೇ?

ಎಲ್ಲಕ್ಕೂ ಆ ಗುತ್ತಿಗೆಯವಳೇ ಕಾರಣ. ಸಿಬ್ಬಂದಿ ವಿಭಾಗಕ್ಕೆ ಖಾಯಂ ಅಧಿಕಾರಿ ಯಾಕೆ ದಂಡಕ್ಕೆ ಎಂದು ಅವಳನ್ನು ಆರು ತಿಂಗಳ ಮಟ್ಟಿಗೆ ತಂದುಕೊಂಡವರು ಸ್ವತಃ ಮ್ಯಾನೇಜರರೇ. ಕೊಟ್ಟ ಕೆಲಸ ಒಂದೇ: ಬಿಟ್ಟು ಹೋಗುವವರನ್ನು ಕೂರಿಸಿಕೊಂಡು, ಯಾಕೆ ಹೋಗುತ್ತೀರಿ ಎಂದು ಕೇಳಿ ಬರೆದುಕೊಳ್ಳುವುದು. ಕೊಟ್ಟ ಜಾಗ ಮೆಟ್ಟಿಲ ಕೆಳಗಿನ ಕೋಣೆ. ಎರಡು ಕುರ್ಚಿ, ಒಂದು ಮೇಜು, ಎದ್ದರೆ ತಲೆಗೆ ತಾಗುವ ಸೂರು.

ಅವಳು ಬರುವ ಮುನ್ನ ಬಿಡುತ್ತಿದ್ದವರು ವರ್ಷಕ್ಕೆ ಇಬ್ಬರೋ ಮೂವರೋ. ಈಗ ತಿಂಗಳಿಗೇ ಒಂಬತ್ತು. ಹಿಂದಿನ ಬೀದಿಯ ಕಂಪನಿಗೆ ಜನ ಸಾಗಿಸುತ್ತಿದ್ದಾಳೆ ಎಂದು ಮ್ಯಾನೇಜರರು ತೀರ್ಮಾನಿಸಿ, ಟಪಾಲು ಗುಮಾಸ್ತನನ್ನು ಕಾವಲಿಗೆ ಹಾಕಿದರು.

ಗುಮಾಸ್ತ ತಂದ ವರದಿ ನೆಮ್ಮದಿ ಕೊಡಲಿಲ್ಲ. ಒಳಗೆ ಹೋದವರು ಒಂದು ಗಂಟೆ ಹೊರಗೆ ಬರುವುದಿಲ್ಲ. ಡ್ರಿಲ್ಲಿಂಗ್ ಮೇಸ್ತ್ರಿ ಮೂಗು ಕೆಂಪಗೆ ಮಾಡಿಕೊಂಡು ಬಂದನಂತೆ. ಇಪ್ಪತ್ತು ವರ್ಷದಲ್ಲಿ ಹಲ್ಲು ತೋರಿಸದ ಪ್ಯಾಕಿಂಗ್ ಅಕ್ಕ ನಗುತ್ತಾ ಬಂದರಂತೆ. ಏನು ಮಾತಾಯಿತು ಎಂದರೆ ಒಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ.

ಮೂರನೆಯ ದಿನ ಗುಮಾಸ್ತನೂ ರಾಜೀನಾಮೆ ಕೊಟ್ಟ. ಬೇಲಿಯೇ ಎದ್ದು ಹೊಲ ಮೇದಂತಾಯಿತು.

ಅವಳ ಮನೆಯಲ್ಲಿ ಅತ್ತೆಯದು ಬೇರೆಯೇ ರಾಗ. ಗುತ್ತಿಗೆ ಕೆಲಸ ಬಾಡಿಗೆ ಮನೆ ಇದ್ದ ಹಾಗೆ, ಗೋಡೆಗೊಂದು ಮೊಳೆ ಹೊಡೆಯೋಕೂ ಇನ್ನೊಬ್ಬರನ್ನು ಕೇಳಬೇಕು ಎನ್ನುತ್ತಿದ್ದರು. ಶುಕ್ರವಾರಕ್ಕೆ ಆರು ತಿಂಗಳು ಮುಗಿಯುತ್ತಿತ್ತು. ಮುಂದೇನು ಎಂದು ಅವಳಿಗೂ ಗೊತ್ತಿರಲಿಲ್ಲ.

ಬುಧವಾರ ಮ್ಯಾನೇಜರರು ಬುಸುಗುಡುತ್ತಾ ಇಳಿದು ಬಂದರು. ಸೂರಿಗೆ ತಲೆ ಬಡಿದು ಸಿಟ್ಟು ಇಮ್ಮಡಿಯಾಯಿತು.

"ಹತ್ತು ಜನ ಹೋದ್ರಲ್ಲಮ್ಮ. ಎಲ್ಲಿಗೆ ಕಳಿಸ್ತಿದೀರಿ?"

"ಯಾರೂ ಹೋಗಿಲ್ಲ ಸಾರ್." ಅವಳು ಕಡತ ತೆರೆದು ತೋರಿಸಿದಳು. ವಾರದೊಳಗೆ ರಾಜೀನಾಮೆ ಹಿಂದಕ್ಕೆ ಪಡೆಯಬಹುದೆಂದು ಕಾರ್ಖಾನೆಯದೇ ನಿಯಮವಿತ್ತು. ಒಂಬತ್ತೂ ಜನ ಪಡೆದಿದ್ದರು; ಆ ಪತ್ರಗಳು ಮೇಲಿನ ಮೇಜಿಗೆ ಹೋಗದೆ ಈ ಕಡತದಲ್ಲೇ ಉಳಿದಿದ್ದವು. "ಗುಮಾಸ್ತರು ನಾಳೆ ತಗೋತಾರಂತೆ."

"ಮತ್ತೆ ಕೊಡೋದ್ಯಾಕೆ?"

ಅವಳು ಕಡತ ಮುಚ್ಚಿದಳು. "ಇಲ್ಲಿ ಕೂರಿಸಿ, ಹೇಗಿದೀರಿ ಅಂತ ಕೇಳೋದು, ಕೆಲಸ ಬಿಟ್ಟು ಹೋಗೋರನ್ನ ಮಾತ್ರ ಸಾರ್."

 ಮ್ಯಾನೇಜರರು ಇಪ್ಪತ್ತಾರು ವರ್ಷದ ಖಾಯಂ ನೌಕರರು. ಕುರ್ಚಿ ಎಳೆದುಕೊಂಡು ಅವಳ ಮೇಜಿನಿಂದಲೇ ಒಂದು ಬಿಳಿ ಹಾಳೆ ತೆಗೆದು ಬರೆಯತೊಡಗಿದರು. ಶುಕ್ರವಾರದವರೆಗೂ ಕಾಯುವುದಿಲ್ಲ ಇವರು ಎಂದುಕೊಂಡಳು ಅವಳು. ಅತ್ತೆಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತಿರುವಾಗ ಹಾಳೆ ಅವಳ ಮುಂದೆ ಬಂತು. ನಾಲ್ಕೇ ಸಾಲು, ಕೆಳಗೆ ಸಹಿ. ಓದಿ ತಲೆಯೆತ್ತಿದಳು. ಮ್ಯಾನೇಜರರು ಬಾಗಿಲು ಮುಂದೆ ಮಾಡಿ ಬಂದು ಮತ್ತೆ ಕುಳಿತಿದ್ದರು.

ಅದು ಅವರದೇ ರಾಜೀನಾಮೆ. "ನಿಧಾನಕ್ಕೆ ಕೇಳಮ್ಮ," ಎಂದರು, "ನನ್ನದು ಶುಕ್ರವಾರದೊಳಗೆ ಮುಗಿಯೋ ಕಥೆ ಅಲ್ಲ."