ಎದುರು ಕಂಪನಿಯ ಕೋಡ್

"ನಮ್ಮ ಕಾರ್ಡ್ ಓಡಿಸೋ ಡ್ರೈವರ್ ಸಾಫ್ಟ್‌ವೇರಿನ ಕೋಡನ್ನು ಓಪನ್ ಸೋರ್ಸ್ ಮಾಡೋಣ ಸಾರ್, ಯಾರು ಬೇಕಾದರೂ ಓದೋ ಹಾಗೆ. ಗಿರಾಕಿಗಳು ವರ್ಷಗಳಿಂದ ಕೇಳ್ತಿದ್ದಾರೆ," ಅಂದಳು ಎಂಜಿನಿಯರ್ ಚಾರುಮತಿ.

"ಬಿಚ್ಚಿಟ್ಟರೆ ಎದುರು ಕಂಪನಿಯವರು ಕದೀತಾರೆ," ಅಂದರು ಗ್ರಾಫಿಕ್ಸ್ ಕಾರ್ಡ್ ಕಂಪನಿಯ ಯಜಮಾನರು.

ಮುಂದಿನ ವಾರ ಎದುರು ಕಂಪನಿಯೇ ತನ್ನ ಡ್ರೈವರ್ ಕೋಡನ್ನು ಲೋಕಕ್ಕೆಲ್ಲ ಬಿಚ್ಚಿಟ್ಟಿತು. ಯಜಮಾನರು ಬಾಗಿಲು ಹಾಕಿಕೊಂಡು ಚಾರುಮತಿಯನ್ನು ಕರೆದರು.

"ಪೂರ್ತಿ ಓದು. ನಮಗೆ ಬೇಕಾದ್ದನ್ನು ಸದ್ದಿಲ್ಲದೆ ಎತ್ತಿಕೋ."

ಸಂಜೆ ಅವಳು ಬಂದು ನಿಂತಳು.

"ಹೇಗಿದೆ ಅವರ ಕೋಡ್?"

"ಚೆನ್ನಾಗೇ ಇದೆ ಸಾರ್. ನಡುವೆ ಯಾರೋ ಒಂದು ಟಿಪ್ಪಣಿ ಬಿಟ್ಟಿದ್ದಾರೆ: 'ಈ ಭಾಗ ಯಾರೂ ಮುಟ್ಟಬೇಡಿ. ಇದು ಹೇಗೆ ಓಡ್ತಿದೆಯೋ ನನಗೂ ಗೊತ್ತಿಲ್ಲ.'"

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾವ ಪುಣ್ಯಾತ್ಮ ಬರೆದದ್ದು?"

"ಕೆಳಗೆ ನನ್ನ ಹೆಸರಿದೆ ಸಾರ್. ಪಕ್ಕದಲ್ಲಿ ನಮ್ಮ ಕಂಪನಿ ಹೆಸರು."