ರಿಸೀವರಿಗೆ ಸ್ಪಂಜು

ಸುಜಯಾ ಬೆಳಗಿನ ಪಾತ್ರೆ ತೊಳೆಯುತ್ತಿದ್ದಾಗ ಮಗಳು ಇಂಪನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಐದು ತಿಂಗಳ ಬಸಿರು ಕಳೆದುಕೊಂಡು ಸುಜಯಾ ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತು. ಅಂದಿನಿಂದ ಈ ಏಳು ವರ್ಷದ ಹುಡುಗಿ ಅಮ್ಮನ ಹತ್ತಿರ ಸುಳಿದಿರಲಿಲ್ಲ. ಎಷ್ಟು ಕೇಳಿದರೂ ಕಾರಣ ಹೇಳಿರಲಿಲ್ಲ.

"ಅಮ್ಮಾ, ಒಂದು ಹೊಸ ಸ್ಪಂಜು ಕೊಡು. ಮಾವನ ರಿಮೋಟ್ ಆಟಿಕೆ ವಿಮಾನದ ರಿಸೀವರಿಗೆ ಸುತ್ತಬೇಕು. ವಿಮಾನ ಬಿದ್ದರೂ ಅದಕ್ಕೆ ಪೆಟ್ಟಾಗಬಾರದು."

ಮಗಳು ತಾನಾಗಿ ಮಾತಾಡಿದಳಲ್ಲ ಎಂದು ಸುಜಯಾ ಕೈ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ಮಗಳು ಕೈಯಲ್ಲಿ ಹಿಡಿದು ತಂದಿದ್ದ, ರಿಮೋಟಿನ ಸಿಗ್ನಲ್ ಹಿಡಿಯುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ರಿಸೀವರಿಗೆ ಸ್ಪಂಜು ಸುತ್ತಿ, ರಬ್ಬರ್ ಬ್ಯಾಂಡ್ ಎಳೆದು ಎರಡು ಸುತ್ತು ಹಾಕಿದಳು.

"ಅಯ್ಯೋ, ಅಷ್ಟು ಬಿಗಿ ಬೇಡಮ್ಮಾ! ಬಿಗಿಯಾದ್ರೆ ಇಂಜಿನ್ನಿನ ನಡುಕವೆಲ್ಲ ಒಳಗೆ ಹೋಗಿ ಅದು ಕೆಟ್ಟೋಗುತ್ತಂತೆ. ಮಾವ ಆಗಲೇ ಹೇಳಿದ್ರು."

"ಆಯ್ತು ಇಂಜಿನಿಯರಮ್ಮಾ, ಸಡಿಲ ಮಾಡ್ತೀನಿ," ಎಂದು ಸುಜಯಾ ನಕ್ಕಳು.

ಇಂಪನಾ ನಗಲಿಲ್ಲ. ಆ ರಬ್ಬರ್ ಬ್ಯಾಂಡನ್ನೇ ನೋಡುತ್ತಿದ್ದಳು.

"ಅಮ್ಮಾ, ಸ್ಕೂಟರಲ್ಲಿ ಹಿಂದೆ ಕೂತು ನಾನು ದಿನಾ ನಿನ್ನ ಹೊಟ್ಟೆನ ಬಿಗಿಯಾಗಿ ತಬ್ಕೊಳ್ತಿದ್ನಲ್ಲ, ಅದಕ್ಕೇ ಪಾಪು ಸತ್ತೋಯ್ತಾ?"